ಲೆಕ್ಕದ ದುಭಾಷಿಗಳು

ಮಳೆಗಾಲ ಬಂತೆಂದರೆ ನಮ್ಮ ಟಿ.ಬಿ. ಡ್ಯಾಮಿನಲ್ಲಿ ಇಬ್ಬರು ಎದುರಾದಾಗ ಕ್ಷೇಮಸಮಾಚಾರಕ್ಕಿಂತ ಮೊದಲು ಬರುವ ಪ್ರಶ್ನೆ, "ಇವತ್ತು ಎಷ್ಟು?" ಎಂಬುದು. ಏನು ಎಷ್ಟು ಎಂದು ಮರುಪ್ರಶ್ನೆ ಹಾಕುವವನು ಊರಿಗೆ ಹೊಸಬನೇ ಇರಬೇಕು. ಜಲಾಶಯಕ್ಕೆ ನೀರು ಎಷ್ಟು ಬಂತು, ಎಷ್ಟು ನಿಂತಿತು, ಎಷ್ಟು ಬಿಟ್ಟರು ಎಂಬುದು ಹೊಸಪೇಟೆ, ಕಂಪ್ಲಿ, ಗಂಗಾವತಿ, ಸಿರುಗುಪ್ಪಗಳ ರೈತನಿಗೆ ಪಂಚಾಂಗಕ್ಕಿಂತ ಮುಖ್ಯವಾದ ಸಂಗತಿ. ಪತ್ರಿಕೆಗಳೂ ಅದನ್ನು ತಪ್ಪದೆ ಅಚ್ಚುಮಾಡುತ್ತವೆ. ಸಂಗ್ರಹವನ್ನಂತೂ ದಶಾಂಶದ ಮುಂದೆ ಮೂರು ಅಂಕಿಗಳವರೆಗೆ ಕೊಡುತ್ತವೆ. 2016ರ ಸಮೀಕ್ಷೆಯಂತೆ ಜಲಾಶಯದ ಪೂರ್ಣ ಸಾಮರ್ಥ್ಯವೇ 105.788 ಟಿ.ಎಂ.ಸಿ. ಅಡಿ.

ಈ ಮೂರನೆಯ ಅಂಕಿಯ ಮೇಲೆ ನನಗೆ ಬಹು ದಿನಗಳಿಂದ ಕುತೂಹಲ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಅದರ ಸಾವಿರದಲ್ಲೊಂದು ಪಾಲು ಹತ್ತು ಲಕ್ಷ ಘನ ಅಡಿ; ಲೀಟರುಗಳಲ್ಲಿ ಹೇಳುವುದಾದರೆ ಎರಡೂ ಮುಕ್ಕಾಲು ಕೋಟಿಗೂ ಮೇಲೆ. ಕಣ್ಣು ಹಾಯುವಷ್ಟು ದೂರ ಹರಡಿದ ನೀರನ್ನು ಇಷ್ಟು ಸಣ್ಣದಾಗಿ ಅಳೆದವರು ಯಾರು? ಯಾವ ಕೊಳಗದಿಂದ ಅಳೆದರು?

ನೀರನ್ನು ಯಾರೂ ಅಳೆಯುವುದಿಲ್ಲವೆಂಬುದೇ ಇದಕ್ಕೆ ಉತ್ತರ. ಅಳೆಯುವುದು ನೀರಿನ ಮಟ್ಟವನ್ನು ಮಾತ್ರ. ಮಟ್ಟ ಇಷ್ಟಿದ್ದರೆ ನೀರು ಇಷ್ಟು ಎಂದು ಹೇಳುವುದು ಒಂದು ಕೋಷ್ಟಕ. ಆ ಕೋಷ್ಟಕವನ್ನು ಮಾಡುವ ಬಗೆ ಹೀಗೆ: ಜಲಾಶಯದ ತಳವನ್ನು ಸರ್ವೆ ಮಾಡಿ, ಒಂದೊಂದು ಎತ್ತರದಲ್ಲಿಯೂ ನೀರು ಎಷ್ಟು ವಿಸ್ತಾರವನ್ನು ಆವರಿಸುತ್ತದೆಂದು ಕಂಡುಕೊಂಡು, ಎರಡು ಎತ್ತರಗಳ ನಡುವಣ ನೀರನ್ನು ಒಂದು ಬಿಲ್ಲೆಯೆಂದು ಎಣಿಸಿ, ಬಿಲ್ಲೆಯ ಮೇಲೆ ಬಿಲ್ಲೆ ಪೇರಿಸಿದಂತೆ ಕೂಡುತ್ತ ಹೋಗುವುದು. ಲೆಕ್ಕ ಕಷ್ಟದ್ದಲ್ಲ, ಉದ್ದದ್ದು. ಉದ್ದದ ಲೆಕ್ಕವನ್ನು ಮನುಷ್ಯ ಯಂತ್ರಕ್ಕೆ ಒಪ್ಪಿಸಿದಾಗ ಏನಾಯಿತು, ಆ ಯಂತ್ರದೊಡನೆ ಮಾತನಾಡಲು ಯಾವ ದುಭಾಷಿಯನ್ನು ಆರಿಸಿಕೊಂಡ, ಆರಿಸಿಕೊಂಡದ್ದರಿಂದ ಗಳಿಸಿದ್ದೇನು ಕಳೆದುಕೊಂಡದ್ದೇನು ಎಂಬ ಕಥೆಯನ್ನು ವಾಚಕರ ಮುಂದಿಡುವ ಆಸೆ ನನ್ನದು.

ದುಭಾಷಿ ಎಂಬ ಮಾತು ನಮ್ಮ ಸೀಮೆಗೆ ಹೊಸದಲ್ಲ. ತುಂಗಭದ್ರೆಯ ಕಟ್ಟೆ ಎರಡು ಸರಕಾರಗಳ ಕೂಸು. 1945ರ ಫೆಬ್ರವರಿ 28ರಂದು ಎಡದಂಡೆಯಲ್ಲಿ ಹೈದರಾಬಾದಿನ ಪರವಾಗಿ ಬೇರಾರಿನ ಯುವರಾಜರೂ ಬಲದಂಡೆಯಲ್ಲಿ ಮದರಾಸಿನ ಗವರ್ನರ್ ಸರ್ ಆರ್ಥರ್ ಹೋಪರೂ ಅಸ್ತಿಭಾರದ ಕಲ್ಲುಗಳನ್ನಿಟ್ಟರು. ಒಂದು ದಂಡೆಯ ಕಚೇರಿಯಲ್ಲಿ ಉರ್ದು, ಇನ್ನೊಂದು ದಂಡೆಯ ಕಚೇರಿಯಲ್ಲಿ ಇಂಗ್ಲಿಷು. ಕಲ್ಲು ಹೊರುವವರ ನಾಲಗೆಯಲ್ಲಿ ಕನ್ನಡ, ತೆಲುಗು, ತಮಿಳು. ಇಷ್ಟು ಭಾಷೆಗಳ ನಡುವೆ ಕಟ್ಟೆ 1953ರಲ್ಲಿ ನದಿಯನ್ನು ತಡೆದು ನಿಂತಿತು. ಅದೇ ವರ್ಷ ಅಕ್ಟೋಬರ್ 1ರಂದು ಹೊಸಪೇಟೆ ಮೈಸೂರು ರಾಜ್ಯಕ್ಕೆ ಸೇರಿತು. ಎಡದಂಡೆಯ ಮುನಿರಾಬಾದು ಸೇರಿದ್ದು 1956ರ ನವೆಂಬರ್ 1ರಂದು.

ಈ ಇಡೀ ಕೆಲಸದಲ್ಲಿ ಗಣಕಯಂತ್ರದ ಪಾತ್ರ ಒಂದಿಷ್ಟೂ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಭಾರತಕ್ಕೆ ಮೊದಲ ಎಲೆಕ್ಟ್ರಾನಿಕ್ ಗಣಕ ಬಂದದ್ದು 1955ರಲ್ಲಿ, ಕಲ್ಕತ್ತೆಯ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್ಸ್ಟಿಟ್ಯೂಟಿಗೆ, ಮಹಾಲನೋಬಿಸರ ಪ್ರಯತ್ನದಿಂದ. ನಮ್ಮ ಕಟ್ಟೆ ಆ ಹೊತ್ತಿಗೆ ಎರಡು ಬೇಸಗೆ ಕಂಡಿತ್ತು. ಲಾಗರಿತಮ್ ಪುಸ್ತಕ, ಸ್ಲೈಡ್ ರೂಲು, ಹಿಡಿ ತಿರುಗಿಸುವ ಕೂಡುವ ಯಂತ್ರ, ಪೆನ್ಸಿಲು, ರಬ್ಬರು—ಆ ಕಾಲದ ಇಂಜಿನಿಯರರ ಆಯುಧಗಳು ಇಷ್ಟೇ. ಆದರೆ ಅವರಿಗೊಂದು ಒಳ್ಳೆಯ ಪದ್ಧತಿಯಿತ್ತು. ಒಬ್ಬನು ಮಾಡಿದ ಲೆಕ್ಕವನ್ನು ಇನ್ನೊಬ್ಬನು ಮೊದಲಿನಿಂದ ಮಾಡಿ ತಾಳೆ ನೋಡುತ್ತಿದ್ದ. ಇಬ್ಬರ ರುಜುವೂ ಹಾಳೆಯ ಮೇಲೆ ಬೀಳುತ್ತಿತ್ತು. ಈ ಎರಡನೆಯ ರುಜುವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಮಾತು ಬರುತ್ತದೆ.

ಮೊದಮೊದಲ ಗಣಕಗಳೊಡನೆ ಮಾತನಾಡುವುದೆಂದರೆ ಅವುಗಳ ಸ್ವಂತ ಅಂಕಿಭಾಷೆಯಲ್ಲಿಯೇ ಮಾತನಾಡಬೇಕಾಗಿತ್ತು. ಇಂಥ ಮನೆಯಲ್ಲಿರುವ ಸಂಖ್ಯೆಯನ್ನು ತೆಗೆ, ಅಂಥ ಮನೆಯದರೊಡನೆ ಕೂಡು, ಮತ್ತೊಂದು ಮನೆಯಲ್ಲಿ ಇಡು—ಹೀಗೆ ಹೆಜ್ಜೆಹೆಜ್ಜೆಗೂ ಅಂಕಿಯ ಆಜ್ಞೆ. ಇದನ್ನು ತಪ್ಪಿಸಲು ಅಮೆರಿಕದಲ್ಲಿ ಐ.ಬಿ.ಎಂ. ಕಂಪನಿಯ ಜಾನ್ ಬ್ಯಾಕಸ್ ಎಂಬಾತನೂ ಆತನ ಸಂಗಡಿಗರೂ 1954ರಿಂದ ಮೂರು ವರ್ಷ ದುಡಿದು 1957ರಲ್ಲಿ ಫಾರ್ಟ್ರಾನ್ ಎಂಬುದನ್ನು ಹೊರತಂದರು. ಸೂತ್ರಗಳ ತರ್ಜುಮೆ ಎಂಬುದೇ ಆ ಹೆಸರಿನ ಅರ್ಥ. ವಿಜ್ಞಾನಿಯು ಬೀಜಗಣಿತದಂತೆ ಸೂತ್ರ ಬರೆದರೆ, ಅದನ್ನು ಯಂತ್ರದ ಅಂಕಿಭಾಷೆಗೆ ತಿರುಗಿಸುವ ಇನ್ನೊಂದು ಪ್ರೋಗ್ರಾಂ ಇರುತ್ತದೆ. ಅದೇ ಕಂಪೈಲರು, ನಮ್ಮ ದುಭಾಷಿ.

ದುಭಾಷಿಯ ಮೇಲೆ ಮೊದಲಿಗೆ ಯಾರಿಗೂ ನಂಬಿಕೆಯಿರಲಿಲ್ಲ. ಕೈಯಿಂದ ಬರೆದ ಆಜ್ಞೆಗಳ ಚುರುಕು ಯಂತ್ರದ ತರ್ಜುಮೆಗೆ ಬರುವುದುಂಟೇ ಎಂದು ನುರಿತವರು ಮೂಗು ಮುರಿದರು. ಆದ್ದರಿಂದಲೇ ಬ್ಯಾಕಸನ ತಂಡ ತರ್ಜುಮೆ ಚುರುಕಾಗಿರಬೇಕೆಂದು ತಮ್ಮ ಶ್ರಮವನ್ನೆಲ್ಲ ಅದಕ್ಕೇ ಸುರಿಯಿತು. ವೇಗವೇ ಕಂಪೈಲರಿನ ಮೊದಲ ಗುಣವೆಂಬ ನಂಬಿಕೆ ಹುಟ್ಟಿದ್ದು ಅಲ್ಲಿಂದ. ಅದು ಇಂದಿಗೂ ಹೋಗಿಲ್ಲ.

ಇನ್ನು ಆಪರೇಟಿಂಗ್ ಸಿಸ್ಟಂ ಎಂಬುದೊಂದಿದೆ. ಇದಕ್ಕೆ ಹೋಲಿಕೆ ನಮ್ಮ ಹಳ್ಳಿಗಳ ನೀರಗಂಟಿ. ಕೆರೆಯ ನೀರು ಒಂದೇ, ಗದ್ದೆಗಳು ಹಲವು. ಯಾರ ಸರದಿ ಯಾವಾಗ, ಎಷ್ಟು ಹೊತ್ತು ಎಂದು ನೋಡಿ ತೂಬು ಎತ್ತುವವನು ಅವನು. ಹಾಗೆಯೇ ಯಂತ್ರ ಒಂದು, ಲೆಕ್ಕದವರು ಹಲವರು; ಯಾರ ಪ್ರೋಗ್ರಾಂ ಯಾವಾಗ ಓಡಬೇಕು, ಯಾರಿಗೆ ಎಷ್ಟು ಜಾಗ ಎಂದು ನಿರ್ಧರಿಸುವುದು ಆಪರೇಟಿಂಗ್ ಸಿಸ್ಟಂ. ದುಭಾಷಿ ಜಾಣನಾಗಿದ್ದು ನೀರಗಂಟಿ ಮಂಕಾಗಿದ್ದರೆ ಬೆಳೆ ಕೈಗೆ ಬರುವುದಿಲ್ಲ.

ನಮ್ಮ ದೇಶದ ವಿಜ್ಞಾನಿಗಳಿಗೆ ಫಾರ್ಟ್ರಾನಿನ ಅಕ್ಷರಾಭ್ಯಾಸವಾದದ್ದು ಹೆಚ್ಚಾಗಿ ಕಾನಪುರದಲ್ಲಿ. ಅಲ್ಲಿಯ ಐ.ಐ.ಟಿ.ಗೆ 1963ರಲ್ಲಿ ಐ.ಬಿ.ಎಂ. 1620 ಎಂಬ ಯಂತ್ರ ಬಂತು. ಪ್ರೊ. ವಿ. ರಾಜಾರಾಮನ್ ಮೊದಲಾದವರು ಹೊರಗಿನಿಂದ ಬಂದ ಇಂಜಿನಿಯರರಿಗೂ ವಿಜ್ಞಾನಿಗಳಿಗೂ ಅಲ್ಲಿ ಅಲ್ಪಾವಧಿಯ ತರಗತಿಗಳನ್ನು ನಡೆಸಿದರು. ಬೆಂಗಳೂರಿನ ಇಂಡಿಯನ್ ಇನ್ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿಯೇ ಓದಿದ್ದ ರಾಜಾರಾಮನ್ನರು 1982ರಲ್ಲಿ ಮತ್ತೆ ಬೆಂಗಳೂರಿಗೇ ಬಂದರು.

ಬೆಂಗಳೂರಿನ ಆ ಸಂಸ್ಥೆಯಲ್ಲಿ ಕಂಪ್ಯೂಟರ್ ಸೆಂಟರು 1970ರಲ್ಲಿ ಪ್ರಾರಂಭವಾಯಿತು. ಅಲ್ಲಿದ್ದ ಯಂತ್ರ ಐ.ಬಿ.ಎಂ. 360 ವಂಶದ 44ನೆಯ ಮಾದರಿ. ಈ 44 ವಿಜ್ಞಾನದ ಲೆಕ್ಕಕ್ಕೆಂದೇ ಹುಟ್ಟಿದ್ದು. ಬ್ಯಾಂಕು, ಅಂಗಡಿಗಳ ಜಮಾಖರ್ಚಿಗೆ ಬೇಕಾದ ಕೆಲವು ಆಜ್ಞೆಗಳನ್ನು ಇದರಿಂದ ತೆಗೆದುಹಾಕಿ, ಸೂತ್ರದ ಲೆಕ್ಕ ವೇಗವಾಗಿ ಆಗುವಂತೆ ಮಾಡಿದ್ದರು. ಅದರ ಫಲವೇನೆಂದರೆ, ಅಣ್ಣತಮ್ಮಂದಿರಿಗೆಲ್ಲ ಒಗ್ಗುತ್ತಿದ್ದ ದೊಡ್ಡ ಆಪರೇಟಿಂಗ್ ಸಿಸ್ಟಂ ಇದಕ್ಕೆ ಹಾಗೆಯೇ ಒಗ್ಗುತ್ತಿರಲಿಲ್ಲ. ಇದಕ್ಕೆಂದೇ ಬೇರೊಂದು ನೀರಗಂಟಿಯನ್ನು ಕಂಪನಿ ಗೊತ್ತುಮಾಡಿತ್ತು. ಹಸುವನ್ನು ಕೊಂಡರೆ ಹಗ್ಗವೂ ಅದರೊಡನೆಯೇ ಬರುವಂತೆ, ಯಂತ್ರ ಕೊಂಡವನಿಗೆ ಆಪರೇಟಿಂಗ್ ಸಿಸ್ಟಮೂ ಕಂಪೈಲರೂ ಅದೇ ಅಂಗಡಿಯಿಂದ ಬರುತ್ತಿದ್ದ ಕಾಲ ಅದು. ಆಯ್ಕೆ ಎಂಬುದು ಯಂತ್ರ ಕೊಳ್ಳುವ ದಿನವೇ ಮುಗಿದುಹೋಗುತ್ತಿತ್ತು.

ಆ ಮಾದರಿಯಲ್ಲಿ ಒಂದು ವಿಚಿತ್ರವಾದ ಗುಂಡಿಯಿತ್ತು. ಉದ್ದನೆಯ ಸಂಖ್ಯೆಗಳನ್ನು ಎಷ್ಟು ಅಂಕಿಗಳವರೆಗೆ ನಿಖರವಾಗಿ ಲೆಕ್ಕ ಹಾಕಬೇಕೆಂದು ಅದನ್ನು ತಿರುಗಿಸಿ ನಾಲ್ಕು ಹಂತಗಳಲ್ಲಿ ಗೊತ್ತುಮಾಡಬಹುದಾಗಿತ್ತು. ನಿಖರತೆ ಕಡಮೆಯಾದರೆ ವೇಗ ಹೆಚ್ಚು. ನಿಖರತೆ ಹೆಚ್ಚಾದರೆ ವೇಗ ಕಡಮೆ. ವಿಜ್ಞಾನದ ಲೆಕ್ಕದ ಧರ್ಮಸಂಕಟವನ್ನು ಇಷ್ಟು ಬಿಚ್ಚಿ ತೋರಿಸಿದ ಗುಂಡಿ ಇನ್ನೊಂದಿರಲಾರದು. ಇಂದಿನ ಯಂತ್ರಗಳಲ್ಲಿ ಆ ಗುಂಡಿ ಕಾಣುವುದಿಲ್ಲ. ಆದರೆ ಅದು ಕಂಪೈಲರಿನ ಒಳಗೆ ಅಡಗಿ ಕುಳಿತಿದೆ.

ಎಪ್ಪತ್ತರ ದಶಕದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನನ್ನಂಥವರಿಗೆ ಗಣಕವೆಂದರೆ ಗಾಜಿನ ಬಾಗಿಲಿನ ಆಚೆಯ ದೇವರು. ಪೂಜಾರಿಯ ಕೈಗೆ ಹಣ್ಣುಕಾಯಿ ಕೊಟ್ಟಂತೆ ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು ಬರಬೇಕು, ಪ್ರಸಾದ ಮರುದಿನ. ಒಂದು ಕಾರ್ಡಿಗೆ 80 ಮನೆ. ಫಾರ್ಟ್ರಾನಿನ ಮಾತು 7ನೆಯ ಮನೆಯಿಂದ 72ರವರೆಗೆ ಮಾತ್ರ. ಕೊನೆಯ ಎಂಟು ಮನೆಗಳನ್ನು ಕಂಪೈಲರು ಓದುತ್ತಿರಲಿಲ್ಲ. ಅಲ್ಲಿ ಕ್ರಮಸಂಖ್ಯೆ ಹಾಕಿಕೊಂಡರೆ ಕಟ್ಟು ಬಿದ್ದು ಚೆದರಿದಾಗ ಮತ್ತೆ ಜೋಡಿಸಬಹುದಾಗಿತ್ತು. ಅಲ್ಪವಿರಾಮ ಒಂದು ತಪ್ಪಿದರೆ ಮರುದಿನದ ಪ್ರಸಾದ ಒಂದು ಸಾಲಿನ ಬೈಗಳು. ವಿದ್ಯಾರ್ಥಿಗಳ ಈ ಪಾಡನ್ನು ಕಂಡೇ ಕೆನಡಾದ ವಾಟರ್ಲೂ ವಿಶ್ವವಿದ್ಯಾನಿಲಯದವರು 1965ರಲ್ಲಿ ವಾಟ್‌ಫಾರ್ ಎಂಬ ಕಂಪೈಲರು ಮಾಡಿದ್ದರು. ಅದರ ತರ್ಜುಮೆ ಓಡುವಾಗ ಅಷ್ಟೇನೂ ಚುರುಕಲ್ಲ. ಆದರೆ ತರ್ಜುಮೆ ಬೇಗ ಮುಗಿಯುತ್ತಿತ್ತು, ತಪ್ಪು ಎಲ್ಲಿದೆಯೆಂದು ಬಿಡಿಸಿ ಹೇಳುತ್ತಿತ್ತು. ಒಂದೇ ಭಾಷೆಗೆ ಎರಡು ಬಗೆಯ ದುಭಾಷಿಗಳಿರಬಹುದು, ಕಲಿಯುವವನಿಗೆ ಒಬ್ಬ, ದುಡಿಯುವವನಿಗೆ ಇನ್ನೊಬ್ಬ ಎಂಬ ತಿಳಿವಳಿಕೆ ಆಗಲೇ ಬಂದಿತ್ತು.

1978ರಲ್ಲಿ ಐ.ಬಿ.ಎಂ. ಭಾರತವನ್ನು ಬಿಟ್ಟು ಹೊರಟಿತು. ವಿದೇಶಿ ವಿನಿಮಯದ 1973ರ ಕಾಯಿದೆಯಂತೆ ತನ್ನ ಒಡೆತನದ ಪಾಲನ್ನು ಇಳಿಸಿಕೊಳ್ಳಲು ಅದು ಒಪ್ಪಲಿಲ್ಲ. ಯಂತ್ರಗಳು ಉಳಿದವು, ಒಡೆಯ ಹೋದ. ಅವುಗಳ ಆರೈಕೆಯನ್ನು ಸರಕಾರದ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್ ವಹಿಸಿಕೊಂಡಿತು. ಒಂದು ಕಂಪನಿಯ ದುಭಾಷಿಯನ್ನು ನಂಬಿ ಬರೆದ ಲೆಕ್ಕಗಳ ಗತಿ, ಆ ಕಂಪನಿ ಊರು ಬಿಟ್ಟರೆ ಏನಾದೀತು ಎಂಬ ಪ್ರಶ್ನೆ ನಮ್ಮಲ್ಲಿ ಮೊದಲು ಎದ್ದದ್ದು ಆಗ. ಬೆಂಗಳೂರಿನ ಸಂಸ್ಥೆಯಲ್ಲಿ 1980ರ ದಶಕದ ಆದಿಯ ಹೊತ್ತಿಗೆ ಡೆಕ್ ಕಂಪನಿಯ 1090 ಎಂಬ ಯಂತ್ರವಿತ್ತು. ಕಾರ್ಡಿನ ಕಟ್ಟು ಹೋಗಿ, ಹಲವರು ಏಕಕಾಲದಲ್ಲಿ ಟರ್ಮಿನಲ್ ಮುಂದೆ ಕುಳಿತು ಕೆಲಸ ಮಾಡುವ ಅನುಕೂಲ ಬಂತು. ಫಾರ್ಟ್ರಾನೇನೋ ಅದರಲ್ಲಿಯೂ ಇತ್ತು. ಹಳೆಯ ಪ್ರೋಗ್ರಾಂ ಹೊಸ ಯಂತ್ರದಲ್ಲಿಯೂ ಓಡೀತು. ಆದರೆ ಉತ್ತರ ಅದೇ ಬರುತ್ತದೆಯೇ?

ಇಲ್ಲಿ ನಮ್ಮ ಜಲಾಶಯದ ಮೂರನೆಯ ಅಂಕಿಗೆ ಹಿಂದಿರುಗುತ್ತೇನೆ. ಮೊದಲು ನಮ್ಮಲ್ಲಿ ಊರೂರಿಗೆ ಸೇರು ಬೇರೆಯಾಗಿರುತ್ತಿತ್ತಷ್ಟೆ. ಹೆಸರು ಒಂದೇ, ಹಿಡಿಯುವ ಕಾಳು ಬೇರೆ. ಫಾರ್ಟ್ರಾನಿನಲ್ಲಿ ದಶಾಂಶವಿರುವ ಸಂಖ್ಯೆಗೆ ರಿಯಲ್ ಎಂದು ಹೆಸರು. ಈ ರಿಯಲ್ ಎಂಬ ಸೇರು ಯಂತ್ರದಿಂದ ಯಂತ್ರಕ್ಕೆ ಬೇರೆ. ನೂರು ಟಿ.ಎಂ.ಸಿ.ಯಷ್ಟು ನೀರನ್ನು ಘನ ಅಡಿಗಳಲ್ಲಿ ಬರೆದು, ಸಾಮಾನ್ಯವಾದ ರಿಯಲ್ ಸಂಖ್ಯೆಯಾಗಿ ಇಟ್ಟೆವೆನ್ನಿ. ಐ.ಬಿ.ಎಂ. 360ರಲ್ಲಿ ಆ ಎತ್ತರದ ಸಂಖ್ಯೆಗೆ ಕೂಡಬಹುದಾದ ಅತಿ ಸಣ್ಣ ಪ್ರಮಾಣ 65,536 ಘನ ಅಡಿ. ಅದಕ್ಕಿಂತ ಕಡಮೆಯದನ್ನು ಕೂಡಿದರೆ ಕೂಡಿದಂತೆಯೇ ಅಲ್ಲ. ಯಂತ್ರ ಅದನ್ನು ಬಿಟ್ಟುಬಿಡುತ್ತದೆ. ಹದಿನೆಂಟು ಲಕ್ಷ ಲೀಟರಿಗೂ ಮೇಲ್ಪಟ್ಟ ನೀರು ಹೀಗೆ ಸದ್ದಿಲ್ಲದೆ ಇಂಗಿಹೋಗಬಹುದು. ಡೆಕ್ 1090ರಲ್ಲಿ ಅದೇ ಪ್ರಮಾಣ 1,024 ಘನ ಅಡಿ. ಅನಂತರ ಬಂದ ವ್ಯಾಕ್ಸ್ ಯಂತ್ರದಲ್ಲಿ 8,192. ಪ್ರೋಗ್ರಾಮಿನಲ್ಲಿ ಒಂದಕ್ಷರವೂ ಬದಲಾಗಿಲ್ಲ; ಸೇರು ಬದಲಾಗಿದೆ.

ಒಂದು ಸಲ ಬಿಟ್ಟುಹೋದರೆ ಏನೂ ಆಗದು. ಆದರೆ ಕೋಷ್ಟಕ ಕಟ್ಟುವುದು ಕೂಡುವ ಕೆಲಸ. 360ರಲ್ಲಿ ಅಷ್ಟು ದೊಡ್ಡ ಮೊತ್ತಕ್ಕೆ ಸಾವಿರ ಸಲ ಕೂಡಿದಾಗ ಸರಾಸರಿ ಅರ್ಧರ್ಧ ಪ್ರಮಾಣ ಉದುರಿದರೂ ಮೂರೂಕಾಲು ಕೋಟಿ ಘನ ಅಡಿ ಲೆಕ್ಕದಿಂದ ಮಾಯ, ಎಂದರೆ 0.033 ಟಿ.ಎಂ.ಸಿ. ಮೂರನೆಯ ಅಂಕಿಯಿರಲಿ, ಎರಡನೆಯದೂ ಅಲುಗಿತು. ಸುಮಾರು 380 ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಕಾಲುವೆಯಲ್ಲಿ ಹರಿದಷ್ಟು. ಇದು ನಾನು ಕಾಗದದ ಮೇಲೆ ಹಾಕಿದ ಉದಾಹರಣೆ. ನಮ್ಮ ಜಲಾಶಯದ ಕೋಷ್ಟಕವನ್ನು ಹೀಗೆ ಮಾಡಿದರೆಂದು ಯಾರೂ ತಿಳಿಯಬಾರದು. ಪರಿಹಾರವೂ ಆಗಲೇ ಇತ್ತು: ಇಮ್ಮಡಿ ನಿಖರತೆಯ ಸಂಖ್ಯೆಗಳನ್ನು ಬಳಸಿದರೆ ಈ ತೊಂದರೆಯಿಲ್ಲ. ಆದರೆ ಅದಕ್ಕೆ ಜಾಗವೂ ಕಾಲವೂ ಹೆಚ್ಚು ಬೇಕು. ಆ ಕಾಲದಲ್ಲಿ ಎರಡೂ ಬಂಗಾರ.

ತೂಕ ಅಳತೆಗಳ ಗೊಂದಲವನ್ನು ಭಾರತ 1956ರ ಕಾಯಿದೆಯಿಂದ ಮುಗಿಸಿ ಕಿಲೋಗ್ರಾಮು ಮೀಟರುಗಳಿಗೆ ಬಂದಂತೆ, ಗಣಕಗಳ ಲೋಕವೂ 1985ರಲ್ಲಿ ಒಂದು ಕಟ್ಟಳೆಗೆ ಒಪ್ಪಿತು. ಅದನ್ನು ಐ.ಇ.ಇ.ಇ. 754 ಎಂದು ಕರೆಯುತ್ತಾರೆ. ದಶಾಂಶ ಸಂಖ್ಯೆಯನ್ನು ಎಷ್ಟು ಮನೆಗಳಲ್ಲಿಡಬೇಕು, ಶೇಷ ಉಳಿದಾಗ ಹೇಗೆ ದುಂಡುಮಾಡಬೇಕು ಎಂದು ಅದು ವಿಧಿಸುತ್ತದೆ. ಇದರಿಂದ ಯಂತ್ರಗಳ ಜಗಳ ಬಹುಮಟ್ಟಿಗೆ ನಿಂತಿತು; ದುಭಾಷಿಗಳ ಜಗಳ ನಿಲ್ಲಲಿಲ್ಲ. ಸಂಖ್ಯೆಗಳನ್ನು ಯಾವ ಸರದಿಯಲ್ಲಿ ಕೂಡಬೇಕೆಂಬುದನ್ನು ಕಂಪೈಲರು ವೇಗಕ್ಕಾಗಿ ಬದಲಿಸಬಲ್ಲದು. ದೊಡ್ಡದಕ್ಕೆ ಸಣ್ಣದನ್ನು ಒಂದೊಂದಾಗಿ ಕೂಡುವುದೂ, ಸಣ್ಣವನ್ನೆಲ್ಲ ಮೊದಲು ಒಟ್ಟುಮಾಡಿ ದೊಡ್ಡದಕ್ಕೆ ಸೇರಿಸುವುದೂ ಬೀಜಗಣಿತದಲ್ಲಿ ಒಂದೇ; ಯಂತ್ರದಲ್ಲಿ ಒಂದಲ್ಲ. ಗ್ನೂ ಕಂಪೈಲರು ಕೇಳದೆ ಹಾಗೆ ಬದಲಿಸುವುದಿಲ್ಲ. ಇಂಟೆಲ್ ಕಂಪನಿಯ ಕಂಪೈಲರು ಬೇಡವೆಂದು ಹೇಳದಿದ್ದರೆ ಬದಲಿಸುವ ಸ್ವಾತಂತ್ರ್ಯವನ್ನು ತಾನೇ ತೆಗೆದುಕೊಳ್ಳುತ್ತದೆ. ಅದಕ್ಕೇ ಅದು ಹಲವು ಕಡೆ ಚುರುಕು. 44ನೆಯ ಮಾದರಿಯ ಗುಂಡಿ ಕಂಪೈಲರಿನ ಒಳಗೆ ಅಡಗಿದೆಯೆಂದು ನಾನು ಹೇಳಿದ್ದು ಈ ಅರ್ಥದಲ್ಲಿ.

ಇದೇ ವೇಳೆಗೆ ದೇಶಕ್ಕೆ ಇನ್ನೊಂದು ಪೆಟ್ಟು ಬಿತ್ತು. 1980ರ ದಶಕದಲ್ಲಿ ಅಮೆರಿಕದ ಕ್ರೇ ಕಂಪನಿಯ ಸೂಪರ್‌ಕಂಪ್ಯೂಟರನ್ನು ಕೊಳ್ಳಲು ಭಾರತ ಹೊರಟಾಗ, ಹವಾಮಾನದ ಮುನ್ಸೂಚನೆಗೆಂದು ಕೇಳಿದ್ದಕ್ಕಿಂತ ಕಡಮೆ ಶಕ್ತಿಯ ಒಂದು ಯಂತ್ರ ಷರತ್ತುಗಳೊಡನೆ ದೆಹಲಿಗೆ ಬಂತು. ಕೊಡುವವರ ಮುಖ ನೋಡುವುದು ಸಾಕೆನಿಸಿತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ ಪ್ರಯೋಗಾಲಯದಲ್ಲಿ ರೊದ್ದಂ ನರಸಿಂಹರು ನಿರ್ದೇಶಕರಾಗಿದ್ದಾಗ, 1986ರಲ್ಲಿ, ಪೇಟೆಯಲ್ಲಿ ಸಿಗುವ ಇಂಟೆಲ್ 8086 ಚಿಪ್ಪುಗಳನ್ನು ಜೋಡಿಸಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವನ್ನು ಕಟ್ಟಿದರು. ಭಾರತದ ಮೊದಲ ಸಮಾಂತರ ಗಣಕವೆಂದು ಅದಕ್ಕೆ ಹೆಸರು. ದೆಹಲಿಯ ಕ್ರೇ ಮೇಲೆ ಓಡುತ್ತಿದ್ದ ಹವಾಮಾನದ ಲೆಕ್ಕವನ್ನು 1990ರ ದಶಕದ ಆದಿಯಲ್ಲಿ ಅದಕ್ಕೆ ಇಳಿಸಿದರು. ಇಳಿಸುವುದೆಂದರೆ ನಕಲು ಮಾಡುವುದಲ್ಲ. ಕ್ರೇಯ ರಿಯಲ್ ಸಂಖ್ಯೆಗೆ 64 ಮನೆ, ಉಳಿದ ಯಂತ್ರಗಳಲ್ಲಿ ಸಾಮಾನ್ಯವಾಗಿ 32. ಮತ್ತೆ ಸೇರಿನ ಜಗಳವೇ! ಪುಣೆಯ ಸಿ-ಡ್ಯಾಕ್ ಸಂಸ್ಥೆ 1991ರಲ್ಲಿ ಪರಮ್ 8000 ಕಟ್ಟಿತು. ಈ ಯಂತ್ರಗಳ ಸಾಹಸವನ್ನು ಮೆಚ್ಚಲೇಬೇಕು. ಆದರೆ ಒಂದೊಂದಕ್ಕೂ ಅದರದೇ ಪರಿಸರ, ಅದರದೇ ಕಟ್ಟಳೆ. ಒಂದರ ಮೇಲೆ ಬರೆದದ್ದನ್ನು ಇನ್ನೊಂದರ ಮೇಲೆ ಓಡಿಸಲು ಮತ್ತೆ ತಿದ್ದಬೇಕಾಗಿತ್ತು.

ಈ ಗೋಜಿನಿಂದ ಬಿಡಿಸಿದ್ದು ಎರಡು ಬೆಳವಣಿಗೆಗಳು. ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಗ್ನೂ ಕಂಪೈಲರನ್ನು ಮೂಲಪಾಠ ಸಮೇತ ಯಾರು ಬೇಕಾದರೂ ತೆಗೆದುಕೊಳ್ಳಿರೆಂದು ಕೊಟ್ಟ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಹಾಗೆಯೇ ಬಿಟ್ಟ. ಆಗ ಮೊದಲ ಸಲ ಹಸು ಬೇರೆ, ಹಗ್ಗ ಬೇರೆ ಎಂದಾಯಿತು. 2003ರಲ್ಲಿ ಬೆಂಗಳೂರಿನಲ್ಲಿ ನಿಂತ ಪರಮ್ ಪದ್ಮ ಇನ್ನೂ ಐ.ಬಿ.ಎಂ.ನ ಎ.ಐ.ಎಕ್ಸ್. ಮೇಲೆ ಓಡುತ್ತಿತ್ತು. 2015ರಲ್ಲಿ ಇಂಡಿಯನ್ ಇನ್ಸ್ಟಿಟ್ಯೂಟ್ ಆಫ್ ಸೈನ್ಸಿಗೆ ಬಂದ ಸಹಸ್ರಟಿ ಕ್ರೇ ಕಂಪನಿಯದೇ ಆದರೂ ಓಡಿದ್ದು ಲಿನಕ್ಸಿನ ಮೇಲೆ. ಕ್ರೇ, ಇಂಟೆಲ್, ಗ್ನೂ ಎಂದು ಮೂವರು ದುಭಾಷಿಗಳು ಅದರಲ್ಲಿ ಕೈಕಟ್ಟಿ ನಿಂತಿದ್ದರು. 2022ರಲ್ಲಿ ಅಲ್ಲಿಯೇ ಬಂದ ಪರಮ್ ಪ್ರವೇಗದಲ್ಲಿಯೂ ಲಿನಕ್ಸೇ. ಜಗತ್ತಿನ ಅತಿ ವೇಗದ ಐನೂರು ಗಣಕಗಳ ಪಟ್ಟಿಯಲ್ಲಿ 2017ರ ನವೆಂಬರಿನ ಹೊತ್ತಿಗೆ ಲಿನಕ್ಸ್ ಅಲ್ಲದ್ದು ಒಂದೂ ಉಳಿದಿರಲಿಲ್ಲ.

ಇಷ್ಟಾದ ಮೇಲೆ ಆಯ್ಕೆಯ ಪ್ರಶ್ನೆ ಮುಗಿಯಿತೇ? ಮುಗಿದಿಲ್ಲ. ಎರಡು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು ನಾನು ಕಂಡದ್ದು. ತೊಂಬತ್ತರ ದಶಕದಲ್ಲಿ ಒಂದು ಕಚೇರಿಗೆ ನೀರಿನ ಲೆಕ್ಕದ ಪ್ರೋಗ್ರಾಮೊಂದನ್ನು ಹೊರಗಿನವರಿಂದ ಮಾಡಿಸಿದ್ದರು. ಡಾಸ್ ಯಂತ್ರದ ಮೇಲೆ ಓಡುವ ತರ್ಜುಮೆಯನ್ನು ಮಾತ್ರ ಕೊಟ್ಟರು, ಮೂಲಪಾಠ ಕೊಡಲಿಲ್ಲ. ಹತ್ತು ವರ್ಷ ಅದು ಚೆನ್ನಾಗಿಯೇ ದುಡಿಯಿತು. ಆಮೇಲೆ ಯಂತ್ರ ಸತ್ತಿತು, ಮಾಡಿಕೊಟ್ಟವರ ಅಂಗಡಿ ಮುಚ್ಚಿತು. ಹೊಸ ಯಂತ್ರಕ್ಕೆ ಹಳೆಯ ತರ್ಜುಮೆ ಅರ್ಥವಾಗಲಿಲ್ಲ. ಹತ್ತು ವರ್ಷದ ಉತ್ತರಗಳು ಫೈಲಿನಲ್ಲಿದ್ದವು. ಆ ಉತ್ತರಗಳು ಹೇಗೆ ಬಂದವೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ಅದಕ್ಕಿಂತ ಮೂವತ್ತು ವರ್ಷ ಹಿಂದೆ ಪೆನ್ಸಿಲಿನಲ್ಲಿ ಮಾಡಿದ ಹಾಳೆಗಳು ಅದೇ ಬೀರುವಿನಲ್ಲಿ ಸುಸ್ಥಿತಿಯಲ್ಲಿದ್ದವು. ಯಾರು ಬೇಕಾದರೂ ಓದಿ ತಿಳಿಯಬಹುದಾಗಿತ್ತು.

ಎರಡನೆಯದು ಬಿಟ್ಟಿ ಸಿಗುವುದರ ಕಥೆ. ಅಮೆರಿಕದ ಫರ್ಮಿಲ್ಯಾಬೂ ಯೂರೋಪಿನ ಸರ್ನ್ ಸಂಸ್ಥೆಯೂ ಸೇರಿ 2004ರಲ್ಲಿ ಸೈಂಟಿಫಿಕ್ ಲಿನಕ್ಸ್ ಎಂಬುದನ್ನು ವಿಜ್ಞಾನಿಗಳಿಗೆಂದೇ ಹೊರತಂದವು. ಅದರ ಜ್ಞಾತಿಯಾದ ಸೆಂಟ್‌ಓಎಸ್ ಎಂಬುದನ್ನು ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ನಂಬಿದ್ದವು. 2020ರ ಡಿಸೆಂಬರಿನಲ್ಲಿ ಅದರ ಪೋಷಕರಾದ ರೆಡ್ ಹ್ಯಾಟ್ ಕಂಪನಿಯವರು ದಾರಿ ಬದಲಿಸಿದರು. 8ನೆಯ ಆವೃತ್ತಿಯ ಆಯುಸ್ಸು ಇದ್ದಕ್ಕಿದ್ದಂತೆ 2021ರ ಕೊನೆಗೆ ಮುಗಿಯಿತು. ಹಳೆಯ 7ನೆಯದೂ ಸೈಂಟಿಫಿಕ್ ಲಿನಕ್ಸೂ 2024ರ ಜೂನ್ 30ಕ್ಕೆ ಮುಗಿದವು. ಆದರೆ ಮೂಲಪಾಠ ಬಯಲಿನಲ್ಲಿದ್ದುದರಿಂದ ರಾಕಿ, ಆಲ್ಮ ಎಂಬ ವಾರಸುದಾರರು 2021ರಲ್ಲಿಯೇ ಎದ್ದುನಿಂತರು. ಡಾಸ್ ಪ್ರೋಗ್ರಾಮಿನ ಸಾವಿಗೂ ಈ ಸಾವಿಗೂ ಇರುವ ಭೇದ ಇಷ್ಟೇ: ಒಬ್ಬನು ಮಕ್ಕಳಿಲ್ಲದೆ ಸತ್ತ, ಇನ್ನೊಬ್ಬನು ಉಯಿಲು ಬರೆದಿಟ್ಟು ಹೋದ.

ಯಂತ್ರದ ನಿಖರತೆಯನ್ನು ಇಷ್ಟು ಹೊಗಳಿ, ಅದಕ್ಕೆ ಮಿತಿಯಿದೆಯೆಂದು ಹೇಳದಿದ್ದರೆ ಅನ್ಯಾಯವಾದೀತು. ನಮ್ಮ ಜಲಾಶಯ ತುಂಬಿದ ಮೊದಲ ದಿನಗಳಲ್ಲಿ ಅದರ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಹೂಳು ತುಂಬಿ, 2008ರ ಸಮೀಕ್ಷೆಯಲ್ಲಿ 100.855 ಎಂದಾಯಿತು, 2016ರ ಸಮೀಕ್ಷೆಯಲ್ಲಿ 105.788. ಎಂಟು ವರ್ಷಗಳಲ್ಲಿ ಹೂಳು ತಾನಾಗಿ ಎದ್ದು ಹೋಗಲಿಲ್ಲ. ಅಳೆದ ಬಗೆ ಬೇರೆ. ಎರಡರ ಅಂತರ ಐದು ಟಿ.ಎಂ.ಸಿ.ಗೆ ತುಸು ಕಡಮೆ. ಇದರ ಮುಂದೆ ಕಂಪೈಲರುಗಳ ಜಗಳ ಎಷ್ಟರದು! 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರಸ್ಟ್‌ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ, ಎಷ್ಟು ನೀರು ಬಿಟ್ಟರೆ ಮಟ್ಟ ಎಷ್ಟು ಇಳಿಯುತ್ತದೆಂಬ ಲೆಕ್ಕವೇ ಎಲ್ಲರ ಬಾಯಲ್ಲಿ. ಲಕ್ಷ ಕ್ಯೂಸೆಕ್ ಒಂದು ದಿನ ಹರಿದರೆ 8.64 ಟಿ.ಎಂ.ಸಿ. ಎಂದು ಪೆನ್ಸಿಲಿನಲ್ಲಿ ಹಾಕಿದರೆ ಸಾಕು. ಉಳಿದದ್ದನ್ನು ಕೋಷ್ಟಕ ಹೇಳುತ್ತದೆ. ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ ಒಂದು ವಾರದೊಳಗೆ, ಹರಿಯುವ ನೀರಿನಲ್ಲಿಯೇ ಸ್ಟಾಪ್‌ಲಾಗ್ ಇಳಿಸಿ ಬಾಯಿ ಮುಚ್ಚಿದರು. ದೊಡ್ಡ ಯಂತ್ರ ಬೇಕಾಗುವುದು ಬೇರೆಡೆ: ಶಿವಮೊಗ್ಗ ಚಿಕ್ಕಮಗಳೂರುಗಳ ಮಲೆನಾಡಿನಲ್ಲಿ ನಾಳೆ ಎಷ್ಟು ಮಳೆ ಬಿದ್ದೀತೆಂದು ಇಂದೇ ಹೇಳುವಲ್ಲಿ. ಆ ಲೆಕ್ಕಕ್ಕೆಂದು 2024ರ ಸೆಪ್ಟೆಂಬರಿನಲ್ಲಿ ಪುಣೆಯಲ್ಲಿ ಅರ್ಕ, ನೋಯ್ಡಾದಲ್ಲಿ ಅರುಣಿಕ ಎಂಬ ಯಂತ್ರಗಳು ಉದ್ಘಾಟನೆಯಾದವು. ಹವಾಮಾನದ ಆ ಮಹಾಲೆಕ್ಕಗಳ ಬಹುಭಾಗ ಇಂದಿಗೂ ಫಾರ್ಟ್ರಾನಿನಲ್ಲಿಯೇ ಇದೆಯೆಂದರೆ ಕೆಲವರಿಗೆ ಆಶ್ಚರ್ಯವಾದೀತು.

ಹಾಗಾದರೆ ದುಭಾಷಿಯನ್ನೂ ನೀರಗಂಟಿಯನ್ನೂ ಆರಿಸುವ ಬಗೆ ಯಾವುದು? ನೀರು ಹಂಚಿಕೊಳ್ಳುವವರ ಕಣ್ಣಿನಿಂದ ನೋಡಿದರೆ ಉತ್ತರ ಸ್ಪಷ್ಟವಾಗುತ್ತದೆ. ಬಚಾವತ್ ನ್ಯಾಯಮಂಡಲಿಯ ತೀರ್ಪಿನಂತೆ ತುಂಗಭದ್ರಾ ಯೋಜನೆಯಲ್ಲಿ ಕರ್ನಾಟಕದ ಪಾಲು 138.99 ಟಿ.ಎಂ.ಸಿ.; ಉಳಿದದ್ದು ಆಗಿನ ಆಂಧ್ರದ್ದು, ಈಗ ಆಂಧ್ರ ತೆಲಂಗಾಣಗಳದ್ದು. ತುಂಗಭದ್ರಾ ಮಂಡಳಿ ಹೇಳುವ ಅಂಕಿಯನ್ನು ಮೂರು ರಾಜ್ಯಗಳೂ ನಂಬಬೇಕು. ಒಬ್ಬರು ಹಾಕಿದ ಲೆಕ್ಕವನ್ನು ಎದುರಾಳಿ ತನ್ನ ಯಂತ್ರದಲ್ಲಿ ಮತ್ತೆ ಹಾಕಿ ನೋಡಬಲ್ಲನಾದರೆ ಮಾತ್ರ ಆ ನಂಬಿಕೆ ನಿಲ್ಲುತ್ತದೆ.

ಆದ್ದರಿಂದ ನನ್ನ ಮತ ಹೀಗೆ. ಪ್ರೋಗ್ರಾಮನ್ನು ಭಾಷೆಯ ಅಂಗೀಕೃತ ರೂಪದಲ್ಲಿ ಬರೆಯಬೇಕು. ಒಂದು ಕಂಪನಿಯ ಪ್ರಾಂತಭಾಷೆಯಲ್ಲಿ ಬರೆಯಬಾರದು. ಮೂಲಪಾಠ, ಅದಕ್ಕೆ ಕೊಟ್ಟ ಅಂಕಿಗಳು, ಬಂದ ಉತ್ತರ, ಯಾವ ಕಂಪೈಲರು, ಯಾವ ಆವೃತ್ತಿ, ಅದಕ್ಕೆ ಕೊಟ್ಟ ಅಪ್ಪಣೆ ಯಾವುದು ಎಂಬಿಷ್ಟನ್ನು ಒಂದೇ ಕಟ್ಟಿನಲ್ಲಿಡಬೇಕು. ಬೇರೆ ಬೇರೆ ಮನೆಯ ಇಬ್ಬರು ದುಭಾಷಿಗಳಿಂದ ಅದನ್ನೇ ತರ್ಜುಮೆ ಮಾಡಿಸಿ ಉತ್ತರಗಳನ್ನು ತಾಳೆ ನೋಡಬೇಕು. ಒಬ್ಬನು ಗ್ನೂ ಆದರೆ ಸಾಮಾನ್ಯವಾಗಿ ಖರ್ಚೂ ಇಲ್ಲ, ಮಾಯವಾಗುವ ಭಯವೂ ಕಡಮೆ. ಹಳಬರ ಎರಡನೆಯ ರುಜು ಎಂದು ನಾನು ಹೇಳಿದ್ದು ಇದೇ. ಆಪರೇಟಿಂಗ್ ಸಿಸ್ಟಮಿನ ಆಯುಸ್ಸು ಎಷ್ಟೆಂದು ಮೊದಲೇ ಕೇಳಿ ತಿಳಿದು, ಅದು ತೀರಿದ ಮೇಲೆ ವಾರಸುದಾರರು ಉಂಟೇ ಎಂದು ನೋಡಬೇಕು. ವೇಗದ ವಿಚಾರ ಇವೆಲ್ಲ ಆದ ಮೇಲೆ. ಒಂದು ಗಂಟೆ ತಡವಾಗಿ ಬಂದ ಸರಿಯಾದ ಉತ್ತರ ಎಷ್ಟೋ ಲೆಕ್ಕಗಳಲ್ಲಿ ನಡೆದೀತು. ಮತ್ತೊಬ್ಬರು ಹಾಕಿ ನೋಡಲಾರದ ಉತ್ತರ ಯಾವ ಲೆಕ್ಕದಲ್ಲಿಯೂ ನಡೆಯದು.

ಕನ್ನಡದಲ್ಲಿ ಲೆಕ್ಕ ಹಾಕುವುದು ಎಂಬ ಮಾತಿನ ಜೊತೆಗೆ ಲೆಕ್ಕ ಒಪ್ಪಿಸುವುದು ಎಂಬ ಮಾತೂ ಇದೆ. ಹಾಕುವ ಕೆಲಸವನ್ನು ನಾವು ಯಂತ್ರಕ್ಕೆ ಬಿಟ್ಟಿದ್ದೇವೆ. ಒಪ್ಪಿಸುವ ಕೆಲಸ ಮನುಷ್ಯನದಾಗಿಯೇ ಉಳಿದಿದೆ. ನಮ್ಮ ಮುಂದಿನವರು ಬಂದು ಕೇಳಿದಾಗ ಕಟ್ಟು ಬಿಚ್ಚಿ ತೋರಿಸುವಂತಿದ್ದರೆ ಅಷ್ಟೇ ಸಾಕು.